ಚೌದಶಿಯ ಇಂಗ್ಲಿಷ್ ನಾಷ್ಟಾ

ದ್ರಾಕ್ಷಿ ತೋಟ ನೋಡಲು ಅನಂತಪುರಕ್ಕೆ ಬಂದ ಇಂಗ್ಲೆಂಡಿನ ಸಾಹೇಬ ಭೀಮಗೊಂಡನ ಮನೆಯಲ್ಲಿ ಇಳಿದಿದ್ದ. ಅವರ ಊರಿನ ನಾಷ್ಟಾದಲ್ಲಿ ಏನೇನಿರಬೇಕು ಎಂದು ಭೀಮಗೊಂಡನ ಹೆಂಡತಿ ಸುಗಂಧಾ, ಮಿಲಿಟರಿಯಲ್ಲಿ ಅಡುಗೆ ಮಾಡಿ ಬಂದಿದ್ದ ಧರೆಪ್ಪನನ್ನು ಕೇಳಿದಳು.

“ಕೋಳಿ ತತ್ತಿ, ಹಂದಿ ಮಾಂಸ, ಅಣಬಿ, ಹುರಿದ ಟಮಾಟಿ, ಬೇಯಿಸಿದ ಕಾಳು, ಸುಟ್ಟ ಬ್ರೆಡ್ಡು. ಒಂದು ಕಡಿಮಿ ಆದ್ರೂ ಅದು ನಾಷ್ಟಾ ಅಲ್ರಿ ವೈನಿ.”

“ಜೈನರ ಮನ್ಯಾಗ ನಿಂತು ಎಂಥಾ ಹೆಸರು ಹೇಳ್ತೀಯೋ! ಮೊದಲ ಬಾಯಿ ತೊಳ್ಕೊ ಹೋಗು!” ಸುಗಂಧಾ ಹರಿಹಾಯ್ದಳು.

ಮೊದಲ ಮೂರು ಹೊಸ್ತಿಲಾಚೆಯೇ ಉಳಿದವು. ಅಂದು ಚೌದಶಿ, ಚತುರ್ದಶಿಯ ವ್ರತ; ತಾಜಾ ಕಾಯಿಪಲ್ಲೆ ಮುಟ್ಟುವಂತಿಲ್ಲ, ಒಣ ಕಾಳಷ್ಟೇ ನಡೆಯುತ್ತದೆ, ಹಾಗಾಗಿ ಟಮಾಟಿಯೂ ಹೋಯಿತು. ಬೇಕರಿಯವರು ಬ್ರೆಡ್ಡಿಗೆ ಏನು ಹಾಕಿರುತ್ತಾರೋ ಎಂದು ಅದನ್ನೂ ಬಿಟ್ಟಳು. ಕೊನೆಗೆ ಗರಿಗರಿ ಕಟಕ ರೊಟ್ಟಿಯ ಮೇಲೆ ಅಲಸಂದಿ ಕಾಳಿನ ಪಲ್ಯ ಹಾಕಿ, ಸಾಹೇಬನ ಮುಖ ನೋಡಲಾರದೆ ತಾಟು ಇಟ್ಟಳು.

ಸಾಹೇಬ ಎರಡು ಸಲ ಹಾಕಿಸಿಕೊಂಡು ಉಂಡ. ಆಮೇಲೆ ಮೆಲ್ಲಗೆ ಏನೋ ಹೇಳಿದ.

“ಮನ್ಯಾಗ ಬ್ಯಾರೆ ಏನೂ ಇಲ್ಲದ ದಿನ, ಇವರವ್ವ ಸುಟ್ಟ ಬ್ರೆಡ್ಡಿನ ಮ್ಯಾಲೆ ಕಾಳು ಹಾಕಿ ಹಿಂಗ ಕೊಡ್ತಿದ್ಲಂತ್ರಿ,” ಎಂದ ಧರೆಪ್ಪ.

ಸುಗಂಧಾ ತಲೆ ಎತ್ತಿದಳು. “ಪಾಪ, ಆಕೀನೂ ಚೌದಶಿ ಮಾಡ್ತಿದ್ಲೇನು, ಕೇಳು.”