ಚೆಲ್ಲಿದ ತೀರ್ಥ

ಸುಶೀಲಾಬಾಯಿಯವರ ತುಟಿಯ ಅಂಚಿನಿಂದ ತೀರ್ಥ ಹೊರಗೆ ಹರಿದದ್ದನ್ನು ಕಂಡವಳು ಸೊಸೆ ಕೃಷ್ಣಪ್ರಿಯಾ ಒಬ್ಬಳೇ.

ಅವತ್ತು ಏಕಾದಶಿ. ತೆಲಂಗಾಣದ ಗಡಿಯೂರು ಮಕ್ತಲಿನ ಆ ಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ. ಮಾವ ವಿಜಯೀಂದ್ರಾಚಾರ್ಯರು ಪೂಜೆ ಮುಗಿಸಿ, ಮಡಿಯಲ್ಲಿ ಕೂತಿದ್ದ ಹೆಂಡತಿಯ ಅಂಗೈಗೆ ಉದ್ಧರಣೆಯಿಂದ ತೀರ್ಥ ಬಿಟ್ಟರು. ಏಕಾದಶಿಯಂದು ಸುಶೀಲಾಬಾಯಿಯವರ ಬಾಯಿಗೆ ಹೋಗುವುದು ಅದೊಂದೇ. ಆಮೇಲೆ ದ್ವಾದಶಿಯ ಬೆಳಗಿನವರೆಗೆ ನೀರೂ ಇಲ್ಲ, ಮಾತೂ ಇಲ್ಲ. ಒಂದು ಹನಿ ನೆಲಕ್ಕೆ ಬಿದ್ದರೂ ಬೆರಳಿನಿಂದ ಒತ್ತಿ ಕಣ್ಣಿಗೆ ಹಚ್ಚಿಕೊಳ್ಳುವ ಹೆಂಗಸು ಆಕೆ. ಇವತ್ತು ಅಂಗೈ ತುಟಿಗೆ ಹೋಯಿತು, ತೀರ್ಥ ಮಾತ್ರ ಒಳಗೆ ಹೋಗಲಿಲ್ಲ. ಗದ್ದದ ಮೇಲೆ ಇಳಿದು ಮಡಿಸೀರೆಗೆ ಬಿತ್ತು. ಆಕೆ ಸೆರಗಿನಿಂದ ಒರೆಸಿಕೊಂಡು, ಮೊಣಕಾಲ ಮೇಲೆ ಕೈ ಊರಿ, ಮುಂದಕ್ಕೆ ಬಾಗಿ ಕೂತರು.

"ಮಾವಾರ, ಅತ್ತಿಯವರು ತೀರ್ಥ ನುಂಗಲಿಲ್ರಿ," ಎಂದಳು ಕೃಷ್ಣಪ್ರಿಯಾ.

"ಕೈ ನಡುಗ್ಯದ. ನಿರಾಹಾರ ಅಂದ್ರ ನಿನ್ನ ಸಾಬೂದಾಣಿ ಏಕಾದಶಿ ಅಲ್ಲ ಅದು."

"ಉಗುಳೂ ನುಂಗವಲ್ರು. ನೋಡ್ರಿ, ಬಟ್ಟಲದಾಗ ಉಗುಳಿಕೋತ ಕೂತಾರ."

"ನಮ್ಮ ತಾಯಿನೂ ಹಂಗೇ ಮಾಡ್ತಿದ್ಲು. ಏಕಾದಶಿ ದಿನ ಉಗುಳೂ ನುಂಗಬಾರದು ಅಂತಿದ್ಲು. ಇಕಿ ಈಗ ಅತ್ತಿಯ ಪಾಠ ಒಪ್ಪಿಸಲಿಕ್ಕತ್ಯಾಳ." ಆಚಾರ್ಯರು ನಕ್ಕು, ಪಂಚಾಂಗದ ಕಡೆ ತಿರುಗಿದರು.

ಕೃಷ್ಣಪ್ರಿಯಾ ಅತ್ತೆಯ ಕೆನ್ನೆಗೆ ಮೆತ್ತಿದ್ದ ಅರಿಸಿನವನ್ನೇ ನೋಡಿದಳು.

ಮೂರು ವಾರದ ಹಿಂದೆ ಅತ್ತೆಯ ಎಡಗಡೆಯ ಕಡೇ ದವಡೆಹಲ್ಲು ನೋಯುತ್ತದೆಂದು ನಾರಾಯಣಪೇಟೆಗೆ ಕರೆದುಕೊಂಡು ಹೋದವಳು ಅವಳೇ. ಅಲ್ಲಿಯ ಹಲ್ಲಿನ ಡಾಕ್ಟರು ಅಖಿಲಾ. ಹತ್ತು ಬಾಯಿಯೊಳಗೆ ಆಡಿದ ಉಕ್ಕಿನ ಕಡ್ಡಿ ತನ್ನ ಬಾಯಿಗೆ ಬೇಡವೆಂದು ಅತ್ತೆ ಹಟ ಹಿಡಿದಿದ್ದರು. ಆವಿಯಲ್ಲಿ ಕುದಿಸಿ ಕಟ್ಟಿದ ಪೊಟ್ಟಣವನ್ನು ಡಾಕ್ಟರು ಕಣ್ಣೆದುರಿಗೇ ಹರಿದು ತೋರಿಸಿದ ಮೇಲೆ ಬಾಯಿ ತೆರೆದರು. ಡಾಕ್ಟರು ಹಲ್ಲು ಕೊರೆದು ಔಷಧಿ ತುಂಬಿ, ಐದು ದಿನದ ಗುಳಿಗೆ ಕೊಟ್ಟು, ವಾರ ಬಿಟ್ಟು ಬನ್ನಿ, ಇನ್ನೂ ಅರ್ಧ ಕೆಲಸ ಉಳಿದಿದೆ ಎಂದಿದ್ದರು. ಎರಡೇ ದಿನಕ್ಕೆ ನೋವು ಹೋಯಿತು. ಮೂರನೆಯ ದಿನ ಅತ್ತೆ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದು ನೋಡಿ, "ಇದರ ಸಿಪ್ಪಿ ಯಾತರದೋ ಏನೋ, ಯಾವ ಪ್ರಾಣೀದೋ," ಎಂದು ಡಬ್ಬಿಗೆ ಹಾಕಿ ಮುಚ್ಚಿಬಿಟ್ಟರು. ಮತ್ತೆ ನಾರಾಯಣಪೇಟೆಯ ಹೆಸರು ಎತ್ತಲಿಲ್ಲ. ನೋವೇ ಇಲ್ಲದ ಹಲ್ಲಿಗೆ ಬಸ್ಸು ಯಾಕೆ?

ನಿನ್ನೆ ದಶಮಿಯ ಊಟದ ಹೊತ್ತಿಗೆ ಎಡಗೆನ್ನೆ ಬಾತು ಜ್ವರವೂ ಬಂದಿತ್ತು. ಅರಿಸಿನ ಸುಣ್ಣ ಕಲಸಿ ಹಚ್ಚಿಕೊಂಡು ಸೆರಗು ಹೊದ್ದುಕೊಂಡಿದ್ದರು. ಆ ಹಳದಿಯ ಕೆಳಗೆ ಏನಿದೆಯೋ ಯಾರಿಗೂ ಕಾಣದು. ಮಡಿಯಲ್ಲಿದ್ದವರನ್ನು ಮುಟ್ಟುವಂತೆಯೂ ಇಲ್ಲ.

ಅಂದು ಬಾಗಿಲ ಬಳಿ ಡಾಕ್ಟರು ಹೇಳಿದ ಮಾತನ್ನು ಕೃಷ್ಣಪ್ರಿಯಾ ನೆನಪಿಸಿಕೊಳ್ಳಲು ನೋಡಿದಳು. ಕೆನ್ನೆ ಬಾತರೆ ಫೋನ್ ಮಾಡಿ, ಗದ್ದದ ಕೆಳಗೆ ಬಾತರೆ... ಏನು ಮಾಡಬೇಕು? ಓಡಬೇಕು ಅಂದರೋ, ತೋರಿಸಬೇಕು ಅಂದರೋ? ಅಥವಾ ತಾನೇ ಹೆದರಿಕೆಗೆ ಈಗ ಹುಟ್ಟಿಸಿಕೊಳ್ಳುತ್ತಿದ್ದೇನೋ?

ಹೆದರಿಕೆಯ ವಿಷಯದಲ್ಲಿ ಅವಳ ಹೆಸರು ಓಣಿಯಲ್ಲೆಲ್ಲ ಹಬ್ಬಿತ್ತು. ಹೋದ ವರ್ಷ ಗ್ಯಾಸ್ ಸೋರುತ್ತಿದೆ ಎಂದು ಅಕ್ಕಪಕ್ಕದ ಮಕ್ಕಳು ಮುದುಕರನ್ನೆಲ್ಲ ಬೀದಿಗೆ ಇಳಿಸಿದ್ದಳು. ಮುಚ್ಚಳ ಸಡಿಲಾದ ಇಂಗಿನ ಡಬ್ಬಿ ಅದು.

ಗಂಡ ವ್ಯಾಸರಾಜನಿಗೆ ಫೋನ್ ಮಾಡಿದಳು. ಅವನು ಗದ್ವಾಲದ ಬ್ಯಾಂಕೊಂದರಲ್ಲಿ ಕೌಂಟರಿನಲ್ಲಿದ್ದ; ಹಿಂದೆ ಜನರ ಗದ್ದಲ ಕೇಳುತ್ತಿತ್ತು.

"ಪ್ರಿಯಾ, ಮತ್ತ ಇಂಗಿನ ಕಥಿ ಸುರು ಮಾಡಬ್ಯಾಡ. ಸಂಜಿಗೆ ಬರ್ತೀನಿ. ಅಲ್ಲೀತನಕಾ ಅವ್ವನ್ನ ಮುಟ್ಟಬ್ಯಾಡ, ಕೈ ಮುಗೀತೀನಿ. ಮುಟ್ಟಿದ್ರ ಜ್ವರದಾಗ ಮತ್ತ ತಣ್ಣೀರು ಸುರಕೋತಾಳ. ಅದಕ್ಕ ಏನರೆ ಆದ್ರ?"

ಅದೂ ನಿಜವೇ. ಮುಟ್ಟಿ ಏನೂ ಇಲ್ಲವೆಂದಾದರೆ, ಜ್ವರದ ಮೈಗೆ ತಣ್ಣೀರು ಹಾಕಿಸಿದ ಪಾಪ ತನ್ನದು. ಮುಟ್ಟದೆ ಬಿಟ್ಟು ಏನಾದರೂ ಆದರೆ? ಅವಳು ನಡುಮನೆಯ ಹೊಸ್ತಿಲಲ್ಲಿ ನಿಂತು ಅತ್ತೆಯನ್ನೇ ನೋಡಿದಳು. ಉಸಿರು ಎಳೆದುಕೊಳ್ಳುವಾಗ ಅತ್ತೆಯ ಭುಜಗಳು ಏಳುತ್ತಿದ್ದವು. ಉಸಿರಾಡಲು ಭುಜ ಯಾಕೆ ಏಳಬೇಕು?

ಹಿತ್ತಲಿಗೆ ಹೋಗಿ ಡಾಕ್ಟರ ನಂಬರು ಒತ್ತಿದಳು.

"ಹ್ಞಾಂ, ಮಕ್ತಲ್ ಸುಶೀಲಾಬಾಯಿ. ನೆನಪೈತಿ," ಎಂದರು ಅಖಿಲಾ. ತೆಲುಗು ಬೆರೆತ ಕನ್ನಡ ಅವರದು. ಕೃಷ್ಣಪ್ರಿಯಾ ಹೇಳುತ್ತ ಹೋದಂತೆ ಅವರ ದನಿ ಸಣ್ಣದಾಯಿತು. "ಧ್ವನಿ ಹೆಂಗೈತಿ?"

"ಮೌನದಾಗ ಇದ್ದಾರ್ರಿ."

"ನಾಲಿಗಿ ಮ್ಯಾಲಕ್ಕ ಎದ್ದೈತಾ? ಗದ್ದದ ಕೆಳಗ ಮುಟ್ಟಿ ನೋಡ್ರಿ. ಮೆತ್ತಗೈತೋ, ಕಟ್ಟಿಗಿ ಹಂಗೈತೋ?"

"ಮುಟ್ಟಲಿಕ್ಕ... ಮಡಿ ಅದ ಡಾಕ್ಟರ್ರೇ."

"ಅಮ್ಮಾ, ಇಲ್ಲಿಂದ ನನ್ನ ಕೈ ಅಲ್ಲೀತನಕ ಬರಲ್ಲ. ಮುಟ್ಟೋರು ನೀವೇ. ಫೋನ್ ಇಡಬ್ಯಾಡ್ರಿ, ಹೋಗ್ರಿ."

ಅವಳು ಒಳಗೆ ಬಂದು ಅತ್ತೆಯ ಎದುರು ಕೂತಳು. ಮುಟ್ಟುವ ಮೊದಲು ಇನ್ನೊಂದು ದಾರಿ ಹೊಳೆಯಿತು. ಮೌನದಲ್ಲಿದ್ದರೂ ದೇವರ ನಾಮಕ್ಕೆ ಅಡ್ಡಿಯಿಲ್ಲ.

"ಅತ್ತಿ, ಒಂದು ಸಲ ನಾರಾಯಣ ಅನ್ರಿ. ನನ್ನ ಸಲುವಾಗಿ."

ಸುಶೀಲಾಬಾಯಿ ತಲೆ ಎತ್ತಿದರು. ಕಣ್ಣಲ್ಲಿ ನೀರಿತ್ತು. ತುಟಿಗಳು ಬಿಚ್ಚಿದವು, ಆದರೆ ಒಂದು ಬೆರಳು ಹೋಗುವಷ್ಟೂ ಬಾಯಿ ತೆರೆಯಲಿಲ್ಲ. ಬಂದ ಸದ್ದು ನಾಮವಾಗಿರಲಿಲ್ಲ. ಬಾಯಿ ತುಂಬ ಬಿಸಿ ಅನ್ನ ಇಟ್ಟುಕೊಂಡವರು ಗೊಣಗಿದ ಹಾಗೆ, "ಹಾ... ಆ..." ಎಂದಷ್ಟೇ. ದಿನವೂ ನಸುಕಿನಲ್ಲಿ ಆ ನಾಮ ಕೇಳುತ್ತಲೇ ಎದ್ದವಳು ಕೃಷ್ಣಪ್ರಿಯಾ.

ಕೈ ಚಾಚಿ ಅರಿಸಿನದ ಕೆಳಗೆ, ಗದ್ದದ ಅಡಿಗೆ ಬೆರಳಿಟ್ಟಳು.

"ಏ! ಏ ಪ್ರಿಯಾ!" ಆಚಾರ್ಯರು ಎದ್ದು ನಿಂತರು. "ಮುಟ್ಟಿಬಿಟ್ಯಾ! ಏಕಾದಶಿ ದಿನ, ಮಡಿಯಾಗ ಇದ್ದಾಕಿನ್ನ..."

"ಮುಟ್ಟೀನಿ ಮಾವಾರ." ಅವಳ ಕೈ ಅಲ್ಲಿಂದ ಕದಲಲಿಲ್ಲ. "ಈಗ ನೀವೂ ಮುಟ್ರಿ. ಬೈಯೋದಿದ್ರ ಆಮ್ಯಾಲೆ ಬೈರಿ."

ಆಚಾರ್ಯರು ಬಾಗಿ ಬೆರಳು ಒತ್ತಿದರು. ಒತ್ತಿದಲ್ಲಿ ತಗ್ಗು ಬೀಳಲಿಲ್ಲ. ಎಡಕ್ಕೂ ಬಲಕ್ಕೂ ಗದ್ದದ ಅಡಿಯೆಲ್ಲ ಈಳಿಗೆಮಣೆಯಂತೆ ಗಟ್ಟಿಯಾಗಿ, ಸುಡುತ್ತಿತ್ತು. ಅವರ ಮುಖದ ಸಿಟ್ಟು ಅಲ್ಲಿಯೇ ಇಳಿದುಹೋಯಿತು.

"ಕಟ್ಟಿಗಿ ಹಂಗ ಅದರಿ," ಎಂದಳು ಕೃಷ್ಣಪ್ರಿಯಾ ಫೋನಿಗೆ.

"ಎರಡೂ ಕಡೆ?"

"ಎರಡೂ ಕಡೆ."

"ಕೇಳ್ರಿ ಈಗ. ಹಲ್ಲಿನ ಕೀವು ನಾಲಿಗಿ ಕೆಳಗ ಇಳದೈತಿ. ನಾಲಿಗಿನ್ನ ಮ್ಯಾಲಕ್ಕ ನೂಕಿ ಉಸಿರಿನ ದಾರಿ ಮುಚ್ಚತೈತಿ. ನನ್ನ ಹತ್ರ ಬರಬ್ಯಾಡ್ರಿ, ನನ್ನ ಕುರ್ಚಿಯಾಗ ಇದಕ್ಕ ಔಷಧ ಇಲ್ಲ. ರಾಯಚೂರು ದೊಡ್ಡಾಸ್ಪತ್ರಿಗೆ ಹೋಗ್ರಿ. ಮಲಗಿಸಬ್ಯಾಡ್ರಿ, ಮುಂದಕ್ಕ ಬಾಗಿ ಕೂತಿದ್ರ ಹಂಗೇ ಕೂಡಿಸ್ರಿ. ಬಾಯಾಗ ನೀರು, ಗುಳಿಗಿ ಏನೂ ಹಾಕಬ್ಯಾಡ್ರಿ. ಶಾಖ ಕೊಡಬ್ಯಾಡ್ರಿ. ಮತ್ತ ಅಲ್ಲಿ ಹೋದ ಕೂಡಲೆ ಹಲ್ಲು ಅನ್ನಬ್ಯಾಡ್ರಿ. ಉಸಿರು ಕಟ್ಟಾಕತ್ತೈತಿ, ಅದು ಮೊದಲಿನ ಮಾತು. ತಿಳೀತಾ?"

108ಕ್ಕೆ ಫೋನ್ ಮಾಡಿದರೆ, ಹತ್ತಿರದ ಗಾಡಿ ನರ್ವ ಎಂಬ ಊರಿನ ಕಡೆ ಹೆರಿಗೆಗೆ ಹೋಗಿದೆ, ಬರುವುದಕ್ಕೆ ತಡವಾಗುತ್ತದೆ ಎಂದರು. ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡ ಪಕ್ಕದ ಮನೆಯ ಚನ್ನವೀರಮ್ಮ ಆಗಲೇ ಮಗನನ್ನು ಕೂಗುತ್ತಿದ್ದಳು. ಆಕೆಯ ಮಗ ಬಸವಪ್ರಸಾದ ಬಾಡಿಗೆ ಕಾರು ಓಡಿಸುತ್ತಿದ್ದ.

"ಏ ಬಸ್ಯಾ, ಉಣ್ಣೂದು ಬಿಡು! ಗಾಡಿ ತಗಿ! ಆಚಾರ್ರೇ, ನಮ್ಮ ಗಾಡ್ಯಾಗ ಮಡಿ ಇಲ್ಲ, ಎಸಿ ಐತಿ. ಹತ್ರಿ, ಹತ್ರಿ."

ಹಿಂದಿನ ಸೀಟಿನಲ್ಲಿ ಅತ್ತೆ ನಡುವೆ. ಒಂದು ಕಡೆ ಮಾವ, ಒಂದು ಕಡೆ ಕೃಷ್ಣಪ್ರಿಯಾ. ಗಾಡಿ ಮಾಗನೂರು ದಾಟಿತು. ಅತ್ತೆಯ ಬಾಯಿಂದ ಜೊಲ್ಲು ಎಳೆಯೆಳೆಯಾಗಿ ಇಳಿಯುತ್ತಿತ್ತು. ಕೃಷ್ಣಪ್ರಿಯಾ ತನ್ನ ಸೆರಗಿನಿಂದ ಒರೆಸುತ್ತಿದ್ದಳು. ನಿನ್ನೆಯವರೆಗೆ ಈ ಸೆರಗು ಆ ಸೀರೆಗೆ ತಾಗಿದ್ದರೆ ಮನೆಯಲ್ಲಿ ಮಹಾಭಾರತ.

ಹೊಳೆಯ ದಂಡೆಯ ಕೃಷ್ಣಾ ಎಂಬ ಊರು ಹತ್ತಿರವಾಗುತ್ತಿದ್ದಂತೆ ಉಸಿರಿನ ಸದ್ದು ಬದಲಾಯಿತು. ಸಣ್ಣ ಕೊಳವೆಯಲ್ಲಿ ಗಾಳಿ ಎಳೆದ ಹಾಗೆ, ಸುಂಯ್ ಎಂದು. ಅತ್ತೆಯ ಕಣ್ಣು ಎಳೆಯತೊಡಗಿ ತಲೆ ಹಿಂದಕ್ಕೆ ವಾಲಿತು.

"ಒರಗಲಿ ಬಿಡು. ದಣದಾಳ," ಎಂದರು ಆಚಾರ್ಯರು, ಅಳು ಬಂದವರಂತೆ. "ನನ್ನ ತೊಡಿ ಮ್ಯಾಲ ಮಲಗಿಸು."

ಮಲಗಿಸಿದರೆ ಎಷ್ಟು ಹಾಯೆನಿಸೀತು ಆ ಜೀವಕ್ಕೆ! ಕೃಷ್ಣಪ್ರಿಯಾಳ ಕೈಯೂ ಒಂದು ಕ್ಷಣ ಸಡಿಲಾಯಿತು. ಸಡಿಲಾದ ಕೂಡಲೇ ಸುಂಯ್ ಎನ್ನುವ ಸದ್ದು ನಿಂತೇಹೋಯಿತು. ಅವಳು ಗಾಬರಿಯಿಂದ ಅತ್ತೆಯ ಹಣೆಗೆ ಅಂಗೈ ಕೊಟ್ಟು ಮುಂದಕ್ಕೆ ಬಾಗಿಸಿದಳು. ಸದ್ದು ಮತ್ತೆ ಬಂತು. ಇಷ್ಟು ಕೆಟ್ಟ ಸದ್ದು ಕೇಳಿ ಇಷ್ಟು ಸಮಾಧಾನ ಅವಳಿಗೆ ಯಾವತ್ತೂ ಆಗಿರಲಿಲ್ಲ.

"ಮಲಗಸಂಗಿಲ್ಲ ಮಾವಾರ. ಬೆನ್ನು ಹಿಡೀರಿ ನೀವು."

ಹೊಳೆಯ ಸೇತುವೆಯ ಮೇಲೆ ವಿದ್ಯುತ್ ಸ್ಥಾವರದ ಬೂದಿ ಲಾರಿಗಳು ಸಾಲುಗಟ್ಟಿದ್ದವು. ಬಸವಪ್ರಸಾದ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ; ಕಿಟಕಿಯಿಂದ ತಲೆ ಹೊರಹಾಕಿ, ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಲಾರಿಯವರ ಮನೆತನವನ್ನೆಲ್ಲ ಎತ್ತಿ ಬೈದ. ಹಿಂದೆ ಆಚಾರ್ಯರಿದ್ದದ್ದು ನೆನಪಾಗಿ, "ತಪ್ಪಾತ್ರಿ ಅಜ್ಜಾರ," ಎಂದ.

"ಇನ್ನೊಂದು ಬೈಯಪ್ಪಾ," ಎಂದರು ಆಚಾರ್ಯರು. "ದಾರಿ ಬಿಡಲಿ."

ಆಸ್ಪತ್ರೆಯ ಬಾಗಿಲಲ್ಲಿ ಚೀಟಿ ಬರೆಯುವವನ ಮುಂದೆ ಉದ್ದ ಸಾಲಿತ್ತು. ಅಲ್ಲಿ ಮೊದಲು ತಲುಪಿದವರು ಆಚಾರ್ಯರು. "ಹಲ್ಲಿನ ಬ್ಯಾನಿ ಸ್ವಾಮಿ, ನನ್ನ ಹೆಂಡತಿಗೆ..." ಚೀಟಿಯವನು ತಲೆ ಎತ್ತದೆ ಮಹಡಿಯ ಕಡೆ ಪೆನ್ನು ತೋರಿಸಿದ. "ಹಲ್ಲಿನ ವಿಭಾಗ ಮ್ಯಾಲ. ಸಾಲಿನ್ಯಾಗ ಬರ್ರಿ."

ಕೃಷ್ಣಪ್ರಿಯಾ ಅತ್ತೆಯನ್ನು ತಬ್ಬಿ ಹಿಡಿದು ಬಾಗಿಲಲ್ಲಿದ್ದಳು. ಬಸ್ಸಿನಲ್ಲಿ ಚಿಲ್ಲರೆ ಕೇಳುವುದಕ್ಕೂ ನಾಲ್ಕು ಸಲ ಗಂಟಲು ಸರಿಮಾಡಿಕೊಳ್ಳುವವಳು. ತನ್ನ ದನಿ ತನಗೇ ಯಾರದೋ ಅನಿಸಿತು.

"ಉಸಿರು ಕಟ್ಟಲಿಕ್ಕತ್ತದ್ರೀ! ಗಂಟಲು ಮುಚ್ಚಲಿಕ್ಕತ್ತದ! ಯಾರರೆ ಬರ್ರೀ!"

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಒಳಗಿಂದ ನರ್ಸೊಬ್ಬಳು ಬಂದು ಸುಶೀಲಾಬಾಯಿಯ ಮುಖ ನೋಡಿದಳು, ಉಸಿರಿಗೆ ಕಿವಿಗೊಟ್ಟಳು, ಏನೂ ಕೇಳದೆ ಗಾಲಿಕುರ್ಚಿ ಎಳೆದುಕೊಂಡು ಓಡಿದಳು. ಹಿಂದೆಯೇ ಬಂದ ಡಾಕ್ಟರು ಕೇಳಿದ್ದು ಒಂದೇ ಮಾತು. "ಬಾಯಿಗೆ ಏನರೆ ಕೊಟ್ಟೀರೇನು? ನೀರು, ಚಹಾ?"

"ಇಲ್ರಿ. ಏಕಾದಶಿ."

"ಭಾಳ ಛಲೋ ಆತು," ಎಂದು ಆ ಡಾಕ್ಟರು ಪರದೆಯ ಹಿಂದೆ ಹೋದರು.

ಆಮೇಲೆ ಕಾಯುವುದೊಂದೇ ಉಳಿಯಿತು. ಮೂಗಿನಿಂದ ಉಸಿರಿನ ಕೊಳವೆ ಇಳಿಸಿದರು. ಗದ್ದದ ಅಡಿ ಎರಡು ಕಡೆ ಕೊಯ್ದು ಕೀವು ಹೊರಗೆ ಬಿಟ್ಟರು, ಹಲ್ಲು ಕಿತ್ತರು. ಸಂಜೆ ಗದ್ವಾಲದಿಂದ ನೇರ ಅಲ್ಲಿಗೇ ಬಂದ ವ್ಯಾಸರಾಜ ಹೆಂಡತಿಯ ಪಕ್ಕ ಕೂತ. ಡಾಕ್ಟರು ಅವನಿಗೆ, "ಸಂಜೀತನಕಾ ಬಿಟ್ಟಿದ್ರ ನಾವು ನೋಡಾಕ ಏನೂ ಇರ್ತಿದ್ದಿಲ್ಲ," ಎಂದಿದ್ದರು. ಅವನು ಆ ಮಾತನ್ನು ಅವಳಿಗೆ ಹೇಳಲಿಲ್ಲ. ಆದರೆ ಅವಳು ಕೇಳಿಸಿಕೊಂಡಿದ್ದಳು.

ದ್ವಾದಶಿಯ ಬೆಳಿಗ್ಗೆ ಒಬ್ಬರನ್ನು ಒಳಗೆ ಬಿಟ್ಟರು. ಕೃಷ್ಣಪ್ರಿಯಾ ಹೋಗಿ, ರೂಢಿಯಂತೆ ಮಂಚದಿಂದ ಒಂದು ಮಾರು ದೂರ ನಿಂತಳು. ಕೊಳವೆಯಿಂದಾಗಿ ಸುಶೀಲಾಬಾಯಿಗೆ ಮಾತಿಲ್ಲ. ಅವರು ಮೇಲೆ ತೂಗುತ್ತಿದ್ದ ಸಲೈನ್ ಬಾಟಲಿಯ ಕಡೆ ಕಣ್ಣು ಮಾಡಿ, ಹುಬ್ಬು ಏರಿಸಿದರು. ಪ್ರಶ್ನೆ ಏನೆಂದು ಸೊಸೆಗೆ ತಿಳಿಯಿತು.

"ಉಪಾಸ ಮುರದಿಲ್ಲ ಅತ್ತಿ. ಬಾಯಿಗೆ ಏನೂ ಹೋಗಿಲ್ಲ. ಡಾಕ್ಟರೇ ಹಾಕಬ್ಯಾಡ್ರಿ ಅಂದ್ರು."

ಸುಶೀಲಾಬಾಯಿ ಕಣ್ಣು ಮುಚ್ಚಿದರು. ಸೂಜಿ ಚುಚ್ಚದ ಕೈ ಹೊದಿಕೆಯ ಮೇಲೆ ತಡವರಿಸುತ್ತ ಬಂದು, ಹತ್ತಿರ ಸರಿದ ಸೊಸೆಯ ಕೈ ಸಿಗುವವರೆಗೂ ನಿಲ್ಲಲಿಲ್ಲ.

ಹೊರಗೆ ಪಡಸಾಲೆಯಲ್ಲಿ ಆಚಾರ್ಯರು ಉಪವಾಸ ಬಿಡುವ ಪಾರಣೆಗೆಂದು ಮಠದಿಂದ ತರಿಸಿದ ಅನ್ನ ಸಾರು ಮುಂದಿಟ್ಟುಕೊಂಡು ಕೂತಿದ್ದರು. ಅನ್ನವನ್ನು ಬಹಳ ಮೆತ್ತಗೆ ಕಿವುಚಿ, ಬಲಗಡೆಯಷ್ಟೇ ಅಗಿಯುತ್ತಿದ್ದರು. ಕೃಷ್ಣಪ್ರಿಯಾ ಬಂದು ನಿಂತು ನೋಡುತ್ತಲೇ ಇದ್ದಳು. ಅವರ ಕೈ ನಿಂತಿತು.

"ಏನದು ಹಂಗ ನೋಡ್ತಿ?"

"ಎಡಗಡೆ ಯಾಕ ಅಗಿಯವಲ್ರಿ ಮಾವಾರ?"

ಆಚಾರ್ಯರು ಅತ್ತ ಇತ್ತ ನೋಡಿ, ದನಿ ತಗ್ಗಿಸಿದರು. "ಒಂದು ಹಲ್ಲು ಸ್ವಲ್ಪ ತ್ರಾಸ ಕೊಡ್ತಿತ್ತು. ಶ್ರಾವಣದಾಗ. ಈಗೇನಿಲ್ಲ."

"ಏನಿಲ್ಲ ಅಂದ್ರ?"

"ನೋವು ಹೋಗ್ಯದ ತಾಯಿ. ತಾನಾಗೇ ಹೋಗ್ಯದ."

ಕೃಷ್ಣಪ್ರಿಯಾ ಅವರ ಎದುರು ನೆಲದ ಮೇಲೆ ಕೂತು, ಅನುಮತಿ ಕೇಳದೆ, ಅವರ ಎಡ ಗದ್ದದ ಅಡಿಗೆ ಎರಡು ಬೆರಳಿಟ್ಟಳು. ಇನ್ನೊಂದು ಕೈಯಲ್ಲಿ ಫೋನು ತೆಗೆದು ನಾರಾಯಣಪೇಟೆಯ ನಂಬರು ಹುಡುಕತೊಡಗಿದಳು. ಆಚಾರ್ಯರು ಬಾಯಲ್ಲಿದ್ದ ತುತ್ತು ಹಾಗೇ ಇಟ್ಟುಕೊಂಡು, ಅಲುಗಾಡದೆ, ಅವಳ ಮುಖವನ್ನೇ ನೋಡುತ್ತ ಕೂತರು.