ಕೆಳಗಿನ ಗೆರೆ

ಎರಡರಲ್ಲಿ ಯಾವುದು? ಅಪ್ಪನಾಗಿದ್ದರೆ ಇಷ್ಟು ಹೊತ್ತಿಗೆ ಒಂದನ್ನು ಆರಿಸಿ, ಇನ್ನೊಂದನ್ನು ಡಬ್ಬಿಗೆ ಸೇರಿಸಿ, ಕೈ ಒರೆಸಿಕೊಂಡಾಗಿರುತ್ತಿತ್ತು. ಮಗ ಮಾತ್ರ ರೈಫಲ್ ಮೇಲೆ ಕೂರಿಸುವ ಸ್ಕೋಪುಗಳನ್ನು ಎಡಗೈಯಲ್ಲೊಂದು ಬಲಗೈಯಲ್ಲೊಂದು ಹಿಡಿದು ಶೆಡ್ಡಿನ ನಡುವೆ ನಿಂತೇ ಇದ್ದ. ಒಂದು ದೂರದ್ದನ್ನು ಏಳು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಇನ್ನೊಂದು ಎರಡೂವರೆ ಪಟ್ಟು ಅಷ್ಟೇ. ದೊಡ್ಡದೇ ಒಳ್ಳೆಯದಲ್ಲವೆ? ಆದರೆ ಹಿಂದೊಮ್ಮೆ ತನಗೆ ಸರಿ ಅನ್ನಿಸಿದ್ದನ್ನು ಮಾಡಿಯೇ ಅವನು ಎಲ್ಲವನ್ನೂ ಕೆಡಿಸಿದ್ದ.

ಗೋಡೆಯ ಆಚೆ, ಮುಂದಿನ ಕೋಣೆಯಲ್ಲಿ, ಅಪ್ಪನನ್ನು ಮಲಗಿಸಿದ್ದರು. ಮೂರು ಗಂಟೆಗೆ ವ್ಯಾನು ಬರುವುದಿತ್ತು.

ಸ್ಕೋಪ್ ಕೂರಿಸಲೆಂದು ರೈಫಲ್ ತಂದುಕೊಟ್ಟಿದ್ದ ಅರಣ್ಯ ಇಲಾಖೆಯ ಗಾರ್ಡು ಶೆಡ್ಡಿನ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಳು. ಸಾವಿನ ಸುದ್ದಿ ತಿಳಿಯದೆ ಬಂದವಳು. ಅವಳ ಬಲಹುಬ್ಬಿನ ಮೇಲೆ ಅರ್ಧಚಂದ್ರದ ಹಾಗೆ ಒಂದು ಹಸಿ ಗಾಯವಿತ್ತು.

"ಇವತ್ತು ಬೇಡ ಸರ್. ಹಾಗೇ ಕೊಟ್ಬಿಡಿ. ನಾಳೆ ಡ್ಯೂಟಿಗೆ ಹೆಂಗೋ ಸುಧಾರಿಸ್ಕೋತೀನಿ."

ಅಕ್ಕ ಅವಳ ಹಿಂದೆಯೇ ಬಂದಿದ್ದಳು. "ಅರ್ಧ ಕೆಲಸ ಆಗಿರೋ ರೈಫಲ್ ಈ ಮನೆಯಿಂದ ಆಚೆ ಹೋದ್ರೆ ಅಪ್ಪ ಅಲ್ಲೇ ಎದ್ದು ಕೂತ್ಕೋತಾರೆ. ನಿಂಗೆ ಕೆಲಸ ಬರುತ್ತಲ್ಲ, ಮುಗಿಸ್ಕೊಡೋ."

"ಮುಟ್ಟದೆ ಇಪ್ಪತ್ತೊಂದು ವರ್ಷ ಆಯ್ತಕ್ಕ."

"ಬೆಳಗಿಂದ ಕಣ್ಣೀರು ಹಾಕ್ದೆ ಗೋಡೆ ನೋಡ್ಕೊಂಡು ಕೂತಿದ್ದೀಯ. ಅದರ ಬದಲು ಇದನ್ನಾದ್ರೂ ಮಾಡು," ಎಂದು ಅಕ್ಕ ಒಳಗೆ ಹೋದಳು.

ಅವನಿಗೂ ಆ ಕೋಣೆಯಿಂದ ತಪ್ಪಿಸಿಕೊಳ್ಳಬೇಕಿತ್ತು. ಬಂದವರೆಲ್ಲ ಮೊದಲು ಅಪ್ಪನ ಮುಖ ನೋಡಿ, ಆಮೇಲೆ ಇವನ ಹುಬ್ಬಿನ ಹಳೆಯ ಹೊಲಿಗೆಯ ಗುರುತು ನೋಡುತ್ತಿದ್ದರು.

ಗೋಡೆಯ ಮೊಳೆಗಳಿಂದ ದಾರಗಳು ಇಳಿಬಿದ್ದಿದ್ದವು. ಒಂದೊಂದಕ್ಕೂ ಒಂದು ರಟ್ಟಿನ ಚೀಟಿ, ಒಂದು ಗಂಟು. ರೈಫಲ್ಲನ್ನು ಹೆಗಲಿಗೆ ಕೊಟ್ಟಾಗ ಆ ಮನುಷ್ಯನ ಕಣ್ಣಿಗೂ ಸ್ಕೋಪಿನ ಗಾಜಿಗೂ ನಡುವೆ ಎಷ್ಟು ದೂರ ಬೇಕೋ ಅಲ್ಲಿಗೆ ಗಂಟು. ಇದರಿಂದಲೇ ಅಪ್ಪನಿಗೆ ದಾರದ ಮೇಷ್ಟ್ರು ಅಂತ ಹೆಸರು ಬಿದ್ದದ್ದು.

"ಅದು ನಂದು," ಎಂದಳು ಗಾರ್ಡು. "ನಿಲ್ಲಿಸಿ, ಕೂರಿಸಿ, ಮಲಗಿಸಿ, ಮೂರು ಸಲ ಅಳೆದ್ರು ಸರ್. ನಮ್ಮ ದರ್ಜಿ ಮದುವೆ ಬಟ್ಟೆಗೂ ಅಷ್ಟು ಅಳೆದಿರಲಿಲ್ಲ." ನಗಲು ಹೋದವಳು ಗೋಡೆಯತ್ತ ನೋಡಿ ಬಾಯಿ ಮುಚ್ಚಿಕೊಂಡಳು.

ಗಂಟು ಹತ್ತು ಇಂಚಿಗಿತ್ತು. ಸಾಮಾನ್ಯ ಸ್ಕೋಪಿಗೆ ಕಣ್ಣನ್ನು ಮೂರು ಇಂಚಿನ ಹತ್ತಿರ ಒಯ್ಯಬೇಕು. ಗುಂಡು ಹಾರಿ ರೈಫಲ್ ಹಿಂದಕ್ಕೆ ಒದ್ದಾಗ ಸ್ಕೋಪಿನ ಅಂಚು ಬಂದು ಹುಬ್ಬಿಗೆ ಬಡಿಯುವುದು ಅದಕ್ಕೇ. ಅಪ್ಪ ಇಪ್ಪತ್ತೊಂದು ವರ್ಷಗಳಿಂದ ಅಂಥದ್ದನ್ನು ಮುಟ್ಟುತ್ತಿರಲಿಲ್ಲ. ಸ್ಕೋಪನ್ನು ಮುಂದೆ, ನಳಿಕೆಯ ಮೇಲೆ ಕೂರಿಸುತ್ತಿದ್ದ. ಕಣ್ಣಿಗೂ ಗಾಜಿಗೂ ನಡುವೆ ಒಂದು ಗೇಣಿಗೂ ಹೆಚ್ಚು ಜಾಗ. ಹೆಚ್ಚು ದೊಡ್ಡದಾಗಿ ತೋರಿಸುವ ಸ್ಕೋಪು ಹೆಚ್ಚು ಹಟಮಾರಿ ಎನ್ನುತ್ತಿದ್ದ. ಕಣ್ಣು ಕೂದಲೆಳೆ ಆಚೀಚೆ ಆದರೂ ಕತ್ತಲು ತೋರಿಸುತ್ತದೆ, ಆಗ ಮನುಷ್ಯ ಕತ್ತು ಚಾಚುತ್ತಾನೆ. ಸಣ್ಣದಕ್ಕೆ ಕಣ್ಣು ಒಂಬತ್ತು ಇಂಚಿನಲ್ಲಿದ್ದರೂ ಸರಿ, ಹನ್ನೆರಡರಲ್ಲಿದ್ದರೂ ಸರಿ.

ಅವನು ಏಳರದ್ದನ್ನು ಡಬ್ಬಿಗೆ ಹಾಕಿದ.

*

ಹದಿನೇಳನೆಯ ವಯಸ್ಸಿನಲ್ಲಿ ಅವನಿಗೂ ಆ ಕತ್ತಲು ಕಂಡಿತ್ತು. ಆವರೆಗೆ ಹೊಡೆದದ್ದೆಲ್ಲ ಒದೆಯದ ಸಣ್ಣ ರೈಫಲ್ಲಿನಲ್ಲಿ. ಮರುದಿನದ ತಂಡದ ಆಯ್ಕೆಗೆ ಮೊದಲ ಸಲ ಅಪ್ಪನ ದೊಡ್ಡ ರೈಫಲ್ ಸಿಕ್ಕಿತ್ತು. ಅಪ್ಪ ಆಗ ಶೂಟಿಂಗ್ ಕ್ಲಬ್ಬಿನ ಬಂದೂಕು ಮೇಸ್ತ್ರಿ. ಸ್ಕೋಪನ್ನು ತಾನೇ ಕೂರಿಸಿ, ತಿರುಪುಗಳನ್ನು ಬಿಗಿದು, ಪ್ರತಿ ತಿರುಪಿನ ತಲೆಯಿಂದ ಸ್ಕೋಪನ್ನು ಹಿಡಿದ ಬಳೆಯ ಮೇಲಕ್ಕೆ ಒಂದೊಂದು ಕೆಂಪು ಗೆರೆ ಎಳೆದಿದ್ದ. ತಿರುಪು ತಿರುಗಿದರೆ ಗೆರೆ ಮುರಿಯುತ್ತದೆ.

ಮಗನಿಗೆ ಗಾಜಿನೊಳಗೆ ಸುತ್ತಲೂ ಕಪ್ಪು ಅಂಚು ಕಂಡಿತು. ಅಪ್ಪ ಊಟಕ್ಕೆ ಎದ್ದು ಹೋದಾಗ ತಿರುಪು ಸಡಿಲಿಸಿ, ಸ್ಕೋಪನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಎಳೆದುಕೊಂಡ. ಗಾಜು ತುಂಬ ಬೆಳಕಾಯಿತು. ಮತ್ತೆ ಬಿಗಿಯುವಾಗ ತಿರುಪಿನ ಗೆರೆಗಳನ್ನು ಒಂದಿಷ್ಟೂ ತಪ್ಪದಂತೆ ಕೂಡಿಸಿದ.

ಮರುದಿನ ಮೊದಲ ಗುಂಡಿಗೇ ಮುಖದ ತುಂಬ ರಕ್ತ. ಹುಬ್ಬಿಗೆ ಐದು ಹೊಲಿಗೆ.

ಆಸ್ಪತ್ರೆಗೆ ಅಪ್ಪ ಸಂಜೆ ಬಂದ. ಮಂಚದ ಪಕ್ಕ ಕೂತು, ಒಂದೇ ಮಾತು ಕೇಳಿದ.

"ನೀನೇನಾದ್ರೂ ಮುಟ್ಟಿದ್ಯೇನೋ?"

"ಇಲ್ಲಪ್ಪ."

ಅಪ್ಪ ಅವನನ್ನೇ ನೋಡಿದ. ಆಮೇಲೆ ಹೊದಿಕೆಯನ್ನು ಕುತ್ತಿಗೆಯವರೆಗೂ ಎಳೆದು, "ಸರಿ, ಮಲಕ್ಕೋ," ಎಂದ.

ಯಾರಾದರೂ ಹುಡುಗರು ರೈಫಲ್ ಬಿಚ್ಚಿದ್ದು ಗೊತ್ತಾದರೆ ಅವರನ್ನು ಕ್ಲಬ್ಬಿನವರು ಮತ್ತೆಂದೂ ಗುಂಡು ಹೊಡೆಯುವ ರೇಂಜಿಗೆ ಸೇರಿಸುತ್ತಿರಲಿಲ್ಲ. ಅಪ್ಪ 'ನನ್ನ ಕೈತಪ್ಪು' ಎಂದು ಬರೆದುಕೊಟ್ಟು, ಇಪ್ಪತ್ತೆರಡು ವರ್ಷದ ಕೆಲಸ ಬಿಟ್ಟು, ಮನೆಯ ಹಿಂದೆ ಈ ಶೆಡ್ಡು ಹಾಕಿಕೊಂಡ. ಮಗ ಹೇಗೂ ಮತ್ತೆ ರೇಂಜಿಗೆ ಹೋಗಲಿಲ್ಲ. ಬೇರೆ ಊರಲ್ಲಿ ಕೆಲಸ ಹಿಡಿದ. ವರ್ಷಕ್ಕೊಮ್ಮೆ ಮನೆಗೆ ಬಂದಾಗ ಅಪ್ಪ ದಾರ ಹಿಡಿದು ಕೇಳುತ್ತಿದ್ದ: "ಒಂದ್ಸಲ ಕೂತ್ಕೋ ಬಾರೋ, ಅಳೀತೀನಿ. ಮುಂದೆ ಕೂರಿಸಿದ್ರೆ ಹೊಡೆಯಲ್ಲ ಕಣೋ ಅದು." ಇವನು "ಆಮೇಲೆ ಅಪ್ಪ" ಎನ್ನುತ್ತಿದ್ದ. ಅಪ್ಪ ಅದನ್ನು ಹೆದರಿಕೆ ಎಂದುಕೊಂಡಿದ್ದಾನೆ ಎಂದು ಮಗ ನಂಬಿದ್ದ.

*

ಗಾರ್ಡಿನ ರೈಫಲ್ಲಿಗೆ ಎರಡೂವರೆಯ ಸ್ಕೋಪು ಬಿಗಿದಾದ ಮೇಲೆ ಅವನು ಮೇಜಿನ ಖಾನೆಯಲ್ಲಿ ಅಪ್ಪ ಬಳಸುತ್ತಿದ್ದ ಕೆಂಪು ನೇಲ್ ಪಾಲಿಶ್ ಬಾಟಲಿ ಹುಡುಕಿ, ನಾಲ್ಕೂ ತಿರುಪುಗಳ ಮೇಲೆ ಗೆರೆ ಎಳೆದ. "ಆಯ್ತು, ತಗೊಳ್ಳಿ."

ಗಾರ್ಡು ರೈಫಲ್ಲನ್ನು ಮಗುಚಿ ನೋಡಿದಳು. "ಕೆಳಗಿಂದು?"

"ಏನು ಕೆಳಗಿಂದು?"

"ಕೆಳಗೊಂದು ಗೆರೆ ಎಳೀತಾರಲ್ಲ ಸರ್ ಮೇಷ್ಟ್ರು. ಸ್ಕೋಪಿನ ಹೊಟ್ಟೆ ಕೆಳಗೆ, ಬಳೆಯಿಂದ ಸ್ಕೋಪಿನ ಕೊಳವೆ ಮೇಲಕ್ಕೆ. ನಮ್ಮ ಕಡೆ ಎಲ್ಲಾ ರೈಫಲ್‌ಗೂ ಇದೆ. ಮೇಲಿನ ಗೆರೆ ಯಾರು ಬೇಕಾದ್ರೂ ಕೂಡಿಸಿಬಿಡ್ತಾರೆ, ಕೆಳಗಿಂದು ಸುಳ್ಳು ಹೇಳಲ್ಲ ಅಂತಿದ್ರು."

"ಯಾವಾಗಿಂದ ಹಾಕ್ತಿದ್ರು ಅದನ್ನ?"

"ಕ್ಲಬ್ಬಲ್ಲಿದ್ದಾಗಿಂದಾನೂ ಅಂತೆ."

ಅವನು ಕೆಳಗಿನ ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ಅವಳು ರೈಫಲ್ ಹೆಗಲಿಗೆ ಹಾಕಿಕೊಂಡು, ಮುಂದಿನ ಕೋಣೆಯ ಕಡೆಗೆ ತಲೆಬಾಗಿಸಿ ಹೊರಟುಹೋದಳು.

ಅವಳು ಗೇಟು ದಾಟಿದ ಮೇಲೆ ಅವನು ಕಬ್ಬಿಣದ ಬೀರು ತೆರೆದ. ಅಪ್ಪನ ರೈಫಲ್ ಮೂಲೆಯಲ್ಲಿ ಬಟ್ಟೆ ಸುತ್ತಿಕೊಂಡು ನಿಂತಿತ್ತು. ನಳಿಕೆಗೆ ಎಣ್ಣೆ ಸವರಿ ಹೆಚ್ಚು ದಿನವಾಗಿರಲಿಲ್ಲ. ಸ್ಕೋಪನ್ನು ಮಾತ್ರ ಆ ದಿನದಿಂದ ಯಾರೂ ಅಲ್ಲಾಡಿಸಿರಲಿಲ್ಲ. ಅವನು ಅದನ್ನು ಮಗುಚಿ ಬೆಳಕಿಗೆ ಹಿಡಿದ.

ಬಳೆಯ ಮೇಲೆ ಅರ್ಧ ಗೆರೆ ಇತ್ತು. ಉಳಿದರ್ಧ ಕೊಳವೆಯ ಮೇಲೆ, ಎರಡು ಬೆರಳು ಹಿಂದೆ ಇತ್ತು.

ಅಪ್ಪ ಅಂದು ಆಸ್ಪತ್ರೆಗೆ ಬಂದದ್ದು ಸಂಜೆ. ರೈಫಲ್ ನೋಡಿಯೇ ಬಂದಿದ್ದ.

ಬೀರುವಿನ ಬಾಗಿಲ ಒಳಗೆ ಒಂದು ಮೊಳೆಯಿತ್ತು. ಅದಕ್ಕೊಂದು ದಾರ. ಚೀಟಿಯಲ್ಲಿ 'ಮಗ' ಎಂದು ಬರೆದಿತ್ತು. ದಾರಕ್ಕೆ ಗಂಟು ಹಾಕಿರಲಿಲ್ಲ.

"ಲೋ, ವ್ಯಾನು ಬಂತು," ಅಕ್ಕ ಕೂಗಿದಳು.

*

ನಾಲ್ವರು ಅಪ್ಪನನ್ನು ಎತ್ತಿದರು. ತಲೆಯ ಕಡೆ ಅವನು ಮತ್ತು ಕ್ಲಬ್ಬಿನ ಹಳೆಯ ಸ್ಟೋರ್ ಕೀಪರು. ದಾರ ಅವನ ಎಡಮುಷ್ಟಿಯೊಳಗಿತ್ತು.

"ಎಂಥಾ ಕೈ ಅದು," ಎಂದು ಮುದುಕ ಏದುಸಿರಿನಲ್ಲಿ ಹೇಳುತ್ತಿದ್ದ. "ಇಪ್ಪತ್ತೆರಡು ವರ್ಷದಲ್ಲಿ ತಪ್ಪಿದ್ದು ಒಂದೇ ಸಲ. ಅದೂ ಸ್ವಂತ ಮಗನ ಮೇಲೆ. ಬೇಜಾರು ಮಾಡ್ಕೋಬೇಡ ಮಗಾ, ಬೇಕಂತ ಮಾಡಿದ್ದಲ್ಲ ಅವನು."

ಹಿಂದೆ ಅಕ್ಕನ ಬಿಕ್ಕು ಒಂದು ಕ್ಷಣ ನಿಂತಿತು. ಈಗ ಹೇಳಿದರೆ ಎಲ್ಲರಿಗೂ ಕೇಳಿಸುತ್ತಿತ್ತು.

"ಅದು ಅಪ್ಪ..." ಎಂದ ಅವನು.

"ಏನಪ್ಪಾ?"

"ಮೆಟ್ಟಿಲು, ಮೆಟ್ಟಿಲು! ನೋಡ್ಕೊಂಡು," ಕಾಲಿನ ಕಡೆಯವರು ಕೂಗಿದರು.

ಅವನು ಮೆಟ್ಟಿಲು ನೋಡಿಕೊಂಡು ಇಳಿದ. ಭಾರ ಒಮ್ಮೆ ಹೆಗಲಿಗೆ ಒತ್ತಿ, ಅಪ್ಪನನ್ನು ವ್ಯಾನಿನೊಳಗೆ ಇಟ್ಟಾಗ ಹಗುರವಾಯಿತು. ಅವನು ಬಗ್ಗಿ ಅಪ್ಪನ ಅಂಗಿಯ ಜೇಬಿಗೆ ದಾರವನ್ನು ತೂರಿಸಿದ. ವ್ಯಾನಿನ ಬಾಗಿಲು ಮುಚ್ಚಿತು. ಮುದುಕ ಅವನ ಬೆನ್ನು ತಟ್ಟಿ, ಏನೋ ಹೇಳ್ತಿದ್ದೆಯಲ್ಲ ಎಂದು ಮತ್ತೆ ಕೇಳಿದ.

"ಏನಿಲ್ಲ."

ಸ್ಕೋಪನ್ನು ಹಿಂದಕ್ಕೆ ಎಳೆದದ್ದು ತಾನು ಎಂದು ಅವನು ಹೇಳಲಿಲ್ಲ.