ತಲೆಕೆಳಗಾದ ಅಣಬೆ

"ಬಸುರಾಗಿರೋದು ಹೊಟ್ಟೆ ತಾನೆ? ಕೈಗೇನು ದೊಡ್ರೋಗ ಬಂದೈತಾ?"

ಕೆಳಗಿನಿಂದ ಬೊಗಳಿದವನು ಪ್ಲಾಮೆನ್. ನಮ್ಮ ಬಲ್ಗೇರಿಯಾದವನೇ. ಐರ್ಲೆಂಡಿನ ಈ ಅಣಬೆ ಶೆಡ್ಡಿಗೆ ನಮ್ಮನ್ನೆಲ್ಲ ಕರೆತಂದು ಈಗ ಮೇಸ್ತ್ರಿಯಾಗಿದ್ದಾನೆ, ಹಾಳಾದವನು.

ನನ್ನ ಜೊತೆಗೆಲಸದ ಫಿದಾಂಕಾ ಮೂರನೇ ಅಟ್ಟಣೆಯೆತ್ತರಕ್ಕೆ ಏರಿಳಿಯುವ ಗಾಡಿ ಏರಿಸಿಕೊಂಡು ಅಣಬೆ ಕೀಳುತ್ತಿದ್ದಳು. ಎಂಟನೇ ತಿಂಗಳು. ಹೊಟ್ಟೆ ಅಡ್ಡ ಬರುತ್ತದೆಂದು ಮಗ್ಗುಲಾಗಿ ನಿಂತಿದ್ದಳು. ಪಕ್ಕದ ಗಾಡಿಯಲ್ಲಿದ್ದ ನಾನು ಅವಳ ಪುಟ್ಟ ಟ್ರೇ ನೋಡಿದೆ.

ಶೆಡ್ಡಿನೊಳಗೆ ಫೋನು, ಗಡಿಯಾರ ಯಾವುದನ್ನೂ ಬಿಡುವುದಿಲ್ಲ. ಅದಕ್ಕೇ ಮಗು ಒದ್ದಾಗಲೆಲ್ಲ ಲೆಕ್ಕಕ್ಕೆಂದು ಅವಳು ಆ ಟ್ರೇಯಲ್ಲಿ ಒಂದು ಅಣಬೆಯನ್ನು ತಲೆಕೆಳಗಾಗಿ ಇಡುತ್ತಿದ್ದಳು. ಟೀ ಹೊತ್ತಿಗೆ ಹತ್ತೋ ಹನ್ನೆರಡೋ ಆಗುತ್ತಿದ್ದವು. ಆಮೇಲೆ ಇಬ್ಬರೂ ಸೇರಿ ಸರಿಮಾಡಿ ಕಳಿಸುತ್ತಿದ್ದೆವು. ನಿನ್ನೆ ನಾಲ್ಕಿದ್ದವು. ಇವತ್ತು ಟೀ ಹೊತ್ತಾದರೂ ಒಂದೇ ಒಂದು.

ಸೋಮವಾರವೇ ಒದೆತ ಕಡಿಮೆಯಾಗಿತ್ತು. ಡಾಕ್ಟರ ಹತ್ತಿರ ಹೋದರೆ, ಇಂಗ್ಲಿಷ್ ಬಾರದ ಅವಳಿಗೆ ಮಾತು ತಿಳಿಸಲು ಪ್ಲಾಮೆನ್ ಇದ್ದಾನಲ್ಲ ಎಂದು ನನ್ನನ್ನು ಹೊರಗೇ ಕೂರಿಸಿದರು. ಒಳಗೆ ಡಾಕ್ಟರು ಅವನ ಮುಖ ನೋಡಿಕೊಂಡೇ ಬಹಳ ಹೊತ್ತು ಮಾತಾಡಿದರಂತೆ. ಅಷ್ಟಕ್ಕೂ ಸೇರಿಸಿ ಇವನು ಅವಳಿಗೆ ಹೇಳಿದ್ದು, ಎಲ್ಲ ಸರಿಯಿದೆಯಂತೆ, ನಡಿ. ಹಿಂದೆ ಎರಡು ಕೂಸು ಕಳಕೊಂಡಿದ್ದೇನೆ, ಅದನ್ನೂ ಹೇಳು ಎಂದು ಬೇಡಿಕೊಂಡಳಂತೆ. ಡಾಕ್ಟರಿಗೆ ಪುರಸೊತ್ತಿಲ್ಲ ಎಂದನಂತೆ. ಅಣಬೆಯ ಲೆಕ್ಕವನ್ನು ಮಾತ್ರ ಹೇಳಿದನಂತೆ. ಅವನೂ ಡಾಕ್ಟರೂ ನಕ್ಕರಂತೆ.

"ನನ್ ಹೊಟ್ಟೆ ವಿಸ್ಯ ನನ್ಗೊಬ್ಳಿಗೇ ಗೊತ್ತಿಲ್ಲ ಕಣಕ್ಕ," ಎಂದು ಅವಳು ಬಸ್‌ಸ್ಟಾಪಿನಲ್ಲಿ ಅತ್ತಿದ್ದಳು. ಬಸ್ ಬಂತು, ಅವಳನ್ನು ಹತ್ತಿಸಿದೆ. ಮತ್ತೆ ಡಾಕ್ಟರ ಹತ್ತಿರ ಕರೆದೊಯ್ಯದೆ ಹಾಗೆ ಹತ್ತಿಸಿದ್ದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು.

ಇವತ್ತು ಮಾತ್ರ ಗಾಡಿ ಇಳಿಸಿದೆ. ಅವಳನ್ನೂ ಇಳಿಸಿದೆ. ಹೊರಗೆ ಕಾಲಿಟ್ಟರೆ ನಾಳೆಯಿಂದ ಬರಬೇಡಿ ಎಂದು ಪ್ಲಾಮೆನ್ ಅಡ್ಡ ನಿಂತ.

"ನಿಮ್ಮವ್ವ ಬಸುರಾಗಿದ್ದಾಗ್ಲೂ ಯಾರಾದ್ರೂ ಹಿಂಗೇ ಅಡ್ಡ ನಿಂತಿದ್ರೆ ಚೆನ್ನಾಗಿರೋದು, ಬೋಳಿಮಗನೆ. ದಾರಿ ಬಿಡು," ಎಂದೆ.

ತಲೆಗೆ ನೀಲಿ ಬಲೆ, ಕೈಗೆ ಗ್ಲೌಸು, ಮೈಯೆಲ್ಲ ಗೊಬ್ಬರದ ನಾತ, ಹಾಗೇ ಆಸ್ಪತ್ರೆಗೆ ಹೊರಟೆವು. ಟ್ರೇ ನನ್ನ ಕೈಯಲ್ಲಿತ್ತು. ಆಸ್ಪತ್ರೆಯಲ್ಲಿ ಕಾಯುತ್ತಿದ್ದವರು ಮೂಗು ಮುಚ್ಚಿಕೊಂಡರು. ಅಷ್ಟರಲ್ಲಿ ಪ್ಲಾಮೆನ್ ಕಾರಿನಲ್ಲಿ ಬಂದು ನಮಗಿಂತ ಮೊದಲೇ ಒಳಗೆ ನುಗ್ಗಿದ್ದ. ಡಾಕ್ಟರು ಮತ್ತೆ ಅವನ ಕಡೆಗೇ ತಿರುಗಿ ಶುರುಮಾಡಿದರು. ನಾನು ಟ್ರೇಯನ್ನು ಅವರ ಕಾಗದಗಳ ಮೇಲೆ ಕುಕ್ಕಿದೆ. ನನಗೆ ಬರುವ ಹರಕು ಇಂಗ್ಲಿಷಿನಲ್ಲಿ ಹೇಳಿದೆ, ನಿನ್ನೆ ನಾಲ್ಕು, ಇವತ್ತು ಒಂದು, ಹಿಂದೆ ಎರಡು ಸತ್ತಿವೆ.

ಈ ಸಲ ಅವರು ನಗಲಿಲ್ಲ.

ಫಿದಾಂಕಾ ಮಲಗಿದಳು. ಮಗುವಿನ ಎದೆಬಡಿತ ಕೇಳಿಸುವ ಯಂತ್ರದ ಹಿಡಿ ಹೊಟ್ಟೆಯ ಮೇಲೆ ಆ ಕಡೆ ಸರಿಯಿತು, ಈ ಕಡೆ ಸರಿಯಿತು, ಮತ್ತೆ ಮೊದಲಿದ್ದಲ್ಲಿಗೇ ಬಂತು. ಸೋಮವಾರ ಅದರಿಂದ ಕುದುರೆ ಓಡಿದ ಹಾಗೆ ಸದ್ದು ಬಂದಿತ್ತಂತೆ. ಈಗ ಬರೀ ಗೊರಗೊರ. ಡಾಕ್ಟರು ಯಂತ್ರದ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿ, ಪ್ಲಾಮೆನ್‌ಗೆ ಮೆಲ್ಲಗೆ ಏನೋ ಹೇಳಿದರು. ಅವನು ನೆಲ ನೋಡಿಕೊಂಡು ಬಾಗಿಲಿನತ್ತ ಸರಿದ.

ನಾನು ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಅವನಿಗಲ್ಲ," ಎಂದೆ. "ಅವಳಿಗೆ ಹೇಳು. ಅವಳ ಮುಖ ನೋಡ್ಕಂಡು ಹೇಳು."

ಡಾಕ್ಟರು ಕೈ ಒರೆಸಿಕೊಳ್ಳುತ್ತಲೇ ಇದ್ದರು. ಫಿದಾಂಕಾ ಮೇಜಿನತ್ತ ಕೈ ಚಾಚಿ ಟ್ರೇಯಿಂದ ಒಂದು ಅಣಬೆ ತೆಗೆದುಕೊಂಡಿದ್ದಳು. ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದರಲ್ಲಿ ಅದನ್ನು ತಲೆಕೆಳಗಾಗಿ ಹಿಡಿದು ಕಾಯುತ್ತಿದ್ದಳು.